ಹವಾಯಿಯ ಬಿಗ್ ಐಲೆಂಡ್: ಕಪ್ಪು ಮರಳು, ಹಸಿರು ಮರಳು, ಹೊಸ ದಡ ಎಲ್ಲವೂ ಒಂದೇ ದಿನದಲ್ಲಿ ಆಗುತ್ತದೆಯೇ?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೆಯ ವಾರ ಹವಾಯಿಯ ಬಿಗ್ ಐಲೆಂಡಿಗೆ ಹೊರಟಿದ್ದೇವೆ. ನಾನು, ಯಜಮಾನರು, ಒಂಬತ್ತು ವರ್ಷದ ಮಗಳು, ಜೊತೆಗೆ ಶಿವಮೊಗ್ಗದಿಂದ ಬಂದಿರುವ ಅಪ್ಪ, ಅಮ್ಮ. ಅಮ್ಮನಿಗೆ ಮಂಡಿನೋವು. ಸಮತಟ್ಟಾದ ಕಡೆ ನಡೆಯುತ್ತಾರೆ, ಇಳಿಜಾರು ಆಗದು. ಉಳಿದುಕೊಳ್ಳುವುದು ಪಶ್ಚಿಮ ಕರಾವಳಿಯ ಕೋನಾದಲ್ಲಿ. ಜ್ವಾಲಾಮುಖಿ ಉದ್ಯಾನಕ್ಕೆ ಬೇರೆ ದಿನ ಇದೆ, ಕಡಲತೀರಗಳಿಗೆ ಸಿಗುವುದು ಒಂದೇ ದಿನ.

ನಾನು ಅಂದುಕೊಂಡಿರುವುದು: ಪುನಲುಉ ಕಪ್ಪು ಮರಳಿನ ದಡ, ಪಾಪಾಕೋಲೇಯಾ ಹಸಿರು ಮರಳಿನ ದಡ, 2018ರಲ್ಲಿ ಹೊಸದಾಗಿ ಹುಟ್ಟಿದ ಪೊಹೊಯಿಕಿ. ಮೂರನ್ನೂ ಮುಗಿಸಬಹುದೇ? ಯಜಮಾನರು ಸಾಧ್ಯವೇ ಇಲ್ಲ ಎನ್ನುತ್ತಿದ್ದಾರೆ.

ಇನ್ನೊಂದು ವಿಷಯ. ಅಮ್ಮ ಎಲ್ಲಿಗೆ ಹೋದರೂ ಅಲ್ಲಿಂದ ಒಂದು ಹಿಡಿ ಮಣ್ಣೋ ಮರಳೋ ತರುತ್ತಾರೆ. ಇಲ್ಲಿಂದಲೂ ಎರಡು ಬಣ್ಣದ ಮರಳು ಬೇಕಂತೆ. ತರಬಹುದೇ?

ಬೆಣ್ಣೆದೋಸೆ
ಮೂರೂ ಆಗುತ್ತದೆ. ಬೆಳಗಿನ ಜಾವ ಐದಕ್ಕೆ ಹೊರಟುಬಿಡಿ, ಅಷ್ಟೇ. ನಾವು ಹಾಗೆಯೇ ಮಾಡಿದ್ದೆವು.

ಹಿಲೊ ಮಳೆ
ಬೆಣ್ಣೆದೋಸೆಯವರೇ, ನೀವು ಗೆಳೆಯರ ಜೊತೆ ಹೋಗಿರುತ್ತೀರಿ. ಮಂಡಿನೋವಿನ ತಾಯಿಯನ್ನು ಕೂರಿಸಿಕೊಂಡು ಐದು ಗಂಟೆಗೆ ಹೊರಡಿ ಎಂದು ಯಾರಿಗೂ ಹೇಳಬೇಡಿ.

ತುಂಗಾತೀರ ಅವರೇ, ನಾನು ಈ ದ್ವೀಪದಲ್ಲೇ ಬಹಳ ಕಾಲದಿಂದ ವಾಸವಾಗಿದ್ದೇನೆ. ನಕ್ಷೆಯಲ್ಲಿ ಪುಟ್ಟದಾಗಿ ಕಾಣುವ ಇದು ಸುಮಾರು 10,400 ಚದರ ಕಿ.ಮೀ., ಎರಡೂವರೆ ಕೊಡಗು ಜಿಲ್ಲೆಯಷ್ಟು. ಕೋನಾದಿಂದ ಪುನಲುಉಗೆ ನೂರು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ರಸ್ತೆ ಹಳೆಯ ಲಾವಾ ಹರಿವುಗಳ ನಡುವೆ ತಿರುವಿನ ಮೇಲೆ ತಿರುವು ಹಾಕುತ್ತ ಹೋಗುತ್ತದೆ. ಪೊಹೊಯಿಕಿ ಇರುವುದು ದ್ವೀಪದ ಇನ್ನೊಂದು ಮೂಲೆಯಲ್ಲಿ, ಪೂರ್ವದ ಪುನಾ ಭಾಗದಲ್ಲಿ. ಕೋನಾದಿಂದ ಒಂದು ಬದಿಗೇ ಎರಡೂವರೆ ಗಂಟೆ ಹಿಡಿಯುತ್ತದೆ. ಹಸಿರು ದಡಕ್ಕೆ ಕಾರು ಹೋಗುವುದೇ ಇಲ್ಲ: ವಾಹನ ನಿಲ್ಲಿಸಿ ಒಂದು ಬದಿಗೆ ಸುಮಾರು ನಾಲ್ಕು ಕಿ.ಮೀ. ನಡೆಯಬೇಕು, ಒಂದು ಮರದ ನೆರಳೂ ಇಲ್ಲ. ಕೊನೆಯಲ್ಲಿ ಕಡಿದಾದ ಗುಡ್ಡದ ಬದಿಯಿಂದ ದಡಕ್ಕೆ ಇಳಿಯಬೇಕು. ಅಮ್ಮನಿಗೆ ಆ ಇಳಿತ ಆಗದು. ಡಿಸೆಂಬರಿನಲ್ಲಿ ಆರು ಗಂಟೆಗೆಲ್ಲ ಕತ್ತಲು. ಆಮೇಲೆ ಆ ರಸ್ತೆಯಲ್ಲಿ ಬೀದಿದೀಪ ಹುಡುಕಬೇಕು.

ನನ್ನ ಮಾತು ಇಷ್ಟು: ಪೊಹೊಯಿಕಿಯನ್ನು ಬಿಡಿ. ದಕ್ಷಿಣದ ಕಾಊ ಭಾಗಕ್ಕೆ ಇಡೀ ದಿನ ಕೊಡಿ. ಪುನಲುಉವಿನಲ್ಲಿ ಅರ್ಧ ದಿನ ಕುಳಿತವರು ನೋಡುವುದನ್ನು ಮೂರು ದಡ ಸುತ್ತಿದವರು ನೋಡಿರುವುದಿಲ್ಲ.

ನಿಧಾನವೇ ಪ್ರಧಾನ
ಹಸಿರು ಬಣ್ಣ ಪಾಚಿಯದ್ದಲ್ಲವೇ? ಚಿತ್ರದಲ್ಲಿ ಹಾಗೆಯೇ ಕಾಣುತ್ತದೆ.

ಕಲ್ಲುಬಂಡೆ ಮೇಷ್ಟ್ರು
ಪಾಚಿಯಲ್ಲ, ಖನಿಜ. ಹೆಸರು ಆಲಿವಿನ್. ಕಬ್ಬಿಣ, ಮೆಗ್ನೀಷಿಯಂ ಸೇರಿದ ಸಿಲಿಕೇಟ್. ಶಿಲಾಪಾಕ (ನೆಲದಾಳದ ಕರಗಿದ ಕಲ್ಲು) ತಣ್ಣಗಾಗುವಾಗ ಮೊದಲು ಹರಳುಗಟ್ಟುವವುಗಳಲ್ಲಿ ಇದೂ ಒಂದು. ಒಳ್ಳೆಯ ಗುಣಮಟ್ಟದ ಹರಳು ಸಿಕ್ಕರೆ ಅದನ್ನೇ ಪೆರಿಡಾಟ್ ಎಂದು ಆಭರಣದ ಅಂಗಡಿಯಲ್ಲಿ ಮಾರುತ್ತಾರೆ.

ಪಾಪಾಕೋಲೇಯಾದಲ್ಲಿ ಆಗಿರುವುದು ಇದು: ಮೌನಾ ಲೋವಾ ಜ್ವಾಲಾಮುಖಿಯ ನೈಋತ್ಯದ ಬಿರುಕು ವಲಯದಲ್ಲಿ ಸುಮಾರು 49,000 ವರ್ಷಗಳ ಹಿಂದೆ ಪುಉ ಮಹಾನಾ ಎಂಬ ಬೂದಿಯ ದಿಬ್ಬ ಎದ್ದಿತು. ಅದರ ಬೂದಿಯಲ್ಲಿ ಆಲಿವಿನ್ ಹೇರಳವಾಗಿತ್ತು. ಸಮುದ್ರ ಆ ದಿಬ್ಬದ ಒಂದು ಪಕ್ಕವನ್ನು ಕೊರೆದು ತಿಂದಿದೆ. ಹಗುರವಾದ ಬೂದಿಯನ್ನು ಅಲೆಗಳು ಎಳೆದೊಯ್ಯುತ್ತವೆ, ಭಾರವಾದ ಆಲಿವಿನ್ ಹಿಂದೆ ಉಳಿಯುತ್ತದೆ. ಮೊರದಲ್ಲಿ ಅಕ್ಕಿ ಕೇರುವಾಗ ಹೊಟ್ಟು ಹಾರಿ ಕಾಳು ಉಳಿಯುವ ಹಾಗೆ. ಗಾಳಿಯ ಕೆಲಸವನ್ನು ಇಲ್ಲಿ ಅಲೆ ಮಾಡುತ್ತಿದೆ.

ದೂರದಿಂದ ಗಾಢ ಹಸಿರೇನೂ ಕಾಣದು, ಮಾಸಿದ ಆಲಿವ್ ಬಣ್ಣ. ಒದ್ದೆ ಮರಳನ್ನು ಅಂಗೈ ಮೇಲೆ ತೆಳ್ಳಗೆ ಹರಡಿ ಬಿಸಿಲಿಗೆ ಹಿಡಿಯಬೇಕು. ಆಗ ಒಂದೊಂದು ಕಣವೂ ಪಾರದರ್ಶಕವಾಗಿ, ಹಳದಿ ಮಿಶ್ರಿತ ಹಸಿರಾಗಿ ಹೊಳೆಯುತ್ತದೆ. ನಡುವೆ ಕಪ್ಪು ಲಾವಾ ಚೂರುಗಳು, ಚಿಪ್ಪಿನ ಬಿಳಿ ಪುಡಿ. ಮಗಳಿಗೆ ಒಂದು ಭೂತಕನ್ನಡಿ ಕೊಂಡೊಯ್ಯಿರಿ. ಪುನಲುಉವಿನಲ್ಲೂ ಅದು ಬೇಕಾಗುತ್ತದೆ.

ನಿಧಾನವೇ ಪ್ರಧಾನ
ಧನ್ಯವಾದಗಳು ಮೇಷ್ಟ್ರೇ. ಹಾಗಾದರೆ ಕಪ್ಪು ಮರಳು ಕಪ್ಪು ಬಂಡೆ ಸವೆದು ಆದದ್ದೇ?

ಕಲ್ಲುಬಂಡೆ ಮೇಷ್ಟ್ರು
ಸವೆದು ಆಗುವುದೂ ಉಂಟು. ಆದರೆ ಹವಾಯಿಯ ದೊಡ್ಡ ಕಪ್ಪು ದಡಗಳು ಹುಟ್ಟುವುದು ಸ್ಫೋಟದಿಂದ. ಸುಮಾರು 1,100 ಡಿಗ್ರಿ ಸೆಲ್ಸಿಯಸ್‌ನ ಲಾವಾ ಸಮುದ್ರಕ್ಕೆ ಬಿದ್ದ ಕೂಡಲೇ ನೀರು ಹಬೆಯಾಗಿ ಸಿಡಿಯುತ್ತದೆ, ಲಾವಾ ಗಾಜಿನ ಚೂರುಗಳಾಗಿ ಒಡೆಯುತ್ತದೆ. ನದಿಯ ಮರಳು ಉರುಳಿ ಉರುಳಿ ದುಂಡಗಾಗಲು ಯುಗಗಳೇ ಬೇಕು, ಇಲ್ಲಿ ವಾರಗಳಲ್ಲಿ ಒಂದು ದಡ ಎದ್ದುಬಿಡುತ್ತದೆ. ಅದೇ ಕಾರಣಕ್ಕೆ ಅದಕ್ಕೆ ಆಯುಸ್ಸು ಕಡಿಮೆ. ಲಾವಾ ನಿಂತ ದಿನ ಮರಳಿನ ಪೂರೈಕೆಯೂ ನಿಂತಿತು. ಆಮೇಲೆ ಅಲೆಗಳು ಒಯ್ಯುತ್ತಲೇ ಇರುತ್ತವೆ, ತುಂಬಿಕೊಡುವವರು ಇಲ್ಲ.

ಕೊಡಗಿನ ಕಾಫಿ
ಅದೇ ದ್ವೀಪದ ಉತ್ತರದಲ್ಲಿ ಹಾಪುನಾ ಎಂಬ ಬಿಳಿ ಮರಳಿನ ದಡವೂ ಇದೆ. ಹವಾಯಿಯ ಬಿಳಿ ಮರಳಿನಲ್ಲಿ ದೊಡ್ಡ ಪಾಲು ಗಿಳಿಮೀನುಗಳು ಹವಳದ ಕಲ್ಲನ್ನು ಕಚ್ಚಿ, ಅರೆದು, ವಿಸರ್ಜಿಸಿದ್ದು! ಮಕ್ಕಳಿಗೆ ಇದನ್ನು ಹೇಳಿದರೆ ಬೇರೇನೂ ನೆನಪಿಟ್ಟುಕೊಳ್ಳುವುದಿಲ್ಲ.

ಅಂದ ಹಾಗೆ ಕೋನಾದಲ್ಲಿ ಉಳಿಯುವವರು ಕಾಫಿ ತೋಟ ನೋಡದೆ ಬರಬೇಡಿ. ಬಿಸಿಲಿನಲ್ಲೇ ಬೆಳೆಯುತ್ತಾರೆ, ನಮ್ಮ ಹಾಗೆ ಮರದ ನೆರಳು ದಟ್ಟವಾಗಿಲ್ಲ. ಮಧ್ಯಾಹ್ನದ ಮೋಡವೇ ಅವರ ನೆರಳು.

ಬೆಣ್ಣೆದೋಸೆ
ಹಸಿರು ದಡಕ್ಕೆ ನಡೆಯಲೇಬೇಕೆಂದಿಲ್ಲ. ಅಲ್ಲಿನವರು ಪಿಕಪ್ ಟ್ರಕ್ಕಿನಲ್ಲಿ ಕೂರಿಸಿಕೊಂಡು ಹೋಗುತ್ತಾರೆ. ನಗದು ಕೊಟ್ಟರೆ ಆಯಿತು. ವಯಸ್ಸಾದವರಿಗೆ ಅದೇ ದಾರಿ.

ಹಿಲೊ ಮಳೆ
ಈ ಟ್ರಕ್ಕಿನ ವಿಷಯಕ್ಕೆ ನಾನು ತೀವ್ರವಾಗಿ ವಿರೋಧ ಹೇಳುತ್ತೇನೆ. ಆ ಜಮೀನು ಯಾರದ್ದೆಂದು ಮೊದಲು ತಿಳಿಯಿರಿ. 1921ರ ಕಾಯ್ದೆಯಡಿ ಹವಾಯಿಯ ಮೂಲನಿವಾಸಿಗಳಿಗಾಗಿ ಕಾದಿರಿಸಿದ ನೆಲ ಅದು. ಗಾಡಿಗಳು ಒಂದು ಜಾಡು ಹಾಳಾದರೆ ಪಕ್ಕದಲ್ಲಿ ಇನ್ನೊಂದು, ಅದೂ ಹಾಳಾದರೆ ಮತ್ತೊಂದು ಎಂದು ಹುಲ್ಲುಗಾವಲನ್ನೆಲ್ಲ ಸೀಳಿವೆ. ಕೆಲವು ಜಾಡುಗಳಲ್ಲಿ ನಿಂತರೆ ಅಂಚು ಎದೆಮಟ್ಟಕ್ಕೆ ಬರುತ್ತದೆ. ಮಳೆ ಬಂದಾಗ ಆ ಕೆಂಪು ಮಣ್ಣೆಲ್ಲ ಸಮುದ್ರಕ್ಕೆ. ದ್ವೀಪದ ತೀರಾ ಹಳೆಯ ನೆಲೆಗಳ ಕುರುಹು ಇರುವ ಜಾಗ ಅದು.

ಗಾಳಿಪಟ
ಹಿಲೊ ಮಳೆಯವರೇ, ಟ್ರಕ್ ಓಡಿಸುವವರೂ ಅಲ್ಲಿಯವರೇ ಅಲ್ಲವೇ? ಅವರ ನೆಲದಲ್ಲಿ ಅವರು ನಾಲ್ಕು ಕಾಸು ಸಂಪಾದಿಸಿದರೆ ಹೊರಗಿನಿಂದ ಬಂದ ನಾವು ಬೇಡವೆನ್ನಲು ಯಾರು? ಕಾಊ ಭಾಗದಲ್ಲಿ ಕಬ್ಬಿನ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೆ ಕೆಲಸವೇ ಕಡಿಮೆ. ನಡೆಯಲಾಗದವರು ನೋಡಲೇಬಾರದು ಎಂಬುದೂ ನ್ಯಾಯವಲ್ಲ.

ಹಿಲೊ ಮಳೆ
ಅವರ ಸಂಪಾದನೆ ನನಗೆ ಬೇಡವಾಗಿಲ್ಲ. ಒಂದೇ ಜಾಡು ಗುರುತಿಸಿ, ದಿನಕ್ಕೆ ಇಷ್ಟೇ ಗಾಡಿ ಎಂದು ಮಿತಿ ಹಾಕಿ, ಆ ಹಣ ಅದೇ ಜನರಿಗೆ ಹೋಗಲಿ. ಈಗ ನಡೆಯುತ್ತಿರುವುದು ಹಾಗಲ್ಲ. ಬಾಡಿಗೆ ಜೀಪು ತಂದ ಪ್ರವಾಸಿಗರೂ ಅದೇ ಹುಲ್ಲಿನ ಮೇಲೆ ಹತ್ತಿಸುತ್ತಾರೆ. ಬಾಡಿಗೆ ಕರಾರಿನಲ್ಲಿ ಅದಕ್ಕೆ ಅನುಮತಿ ಇದೆಯೇ ಎಂದೂ ನೋಡುವುದಿಲ್ಲ.

ಗಾಳಿಪಟ
ಮಿತಿ ಹಾಕಲಿ, ಅದನ್ನು ಒಪ್ಪುತ್ತೇನೆ. ಅಲ್ಲಿಯವರೆಗೆ ಮಂಡಿನೋವಿನ ತಾಯಿ ಅಲ್ಲಿನವರ ಟ್ರಕ್ ಹತ್ತಿದರೆ ಅದು ಅಪರಾಧವಲ್ಲ.

ಮಲ್ಪೆ ಕಡಲು
ಹವಾಯಿಗೆ ಹೋಗಿ, ಬೇಡವೆನ್ನುವುದಿಲ್ಲ. ಆದರೆ ಮಲ್ಪೆಯಿಂದ ದೋಣಿಯಲ್ಲಿ ಅರ್ಧ ಗಂಟೆ ಹೋದರೆ ಸೇಂಟ್ ಮೇರೀಸ್ ದ್ವೀಪ ಇದೆಯಲ್ಲ, ಅದೂ ಜ್ವಾಲಾಮುಖಿಯ ಕಲ್ಲೇ! ಐದು ಮೂಲೆ, ಆರು ಮೂಲೆಯ ಕಲ್ಲಿನ ಕಂಬಗಳು ಸಮುದ್ರದಿಂದ ಸಾಲಾಗಿ ಎದ್ದು ನಿಂತಿವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದೆ. ದಡದಲ್ಲಿ ಮರಳಿಗಿಂತ ಚಿಪ್ಪೇ ಹೆಚ್ಚು. ಉಡುಪಿಗೆ ಬರುವವರು ಮಠ ನೋಡಿ, ಊಟ ಮಾಡಿ, ಹಾಗೆಯೇ ಹೋಗಿಬಿಡುತ್ತಾರೆ. ಬೇಜಾರಾಗುತ್ತದೆ.

ಬೆಣ್ಣೆದೋಸೆ
ಅದು ದಖ್ಖನ್ ಲಾವಾದ ಭಾಗ ತಾನೇ? ಮಹಾರಾಷ್ಟ್ರದ ಕಪ್ಪು ಬೆಟ್ಟಗಳ ಹಾಗೆ.

ಕಲ್ಲುಬಂಡೆ ಮೇಷ್ಟ್ರು
ಅಲ್ಲ. ಈ ತಪ್ಪು ಎಲ್ಲೆಡೆ ಹರಡಿದೆ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ದಖ್ಖನ್ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಸೇಂಟ್ ಮೇರೀಸ್ ಅದಕ್ಕಿಂತ ಎರಡು ಕೋಟಿ ವರ್ಷ ಹಳೆಯದು, ಸುಮಾರು 8.8 ಕೋಟಿ. ಆಗ ಭಾರತ ಮತ್ತು ಮಡಗಾಸ್ಕರ್ ಅಂಟಿಕೊಂಡಿದ್ದವು, ಅವು ಬೇರ್ಪಡುವ ಕಾಲದ ಜ್ವಾಲಾಮುಖಿ ಇದು. ಅದೇ ವಯಸ್ಸಿನ ಲಾವಾ ಮಡಗಾಸ್ಕರಿನಲ್ಲೂ ಇದೆ. ಕಲ್ಲಿನ ಜಾತಿಯೂ ಬೇರೆ: ಹವಾಯಿಯದ್ದು ಬಸಾಲ್ಟ್, ಸಿಲಿಕಾ ಕಡಿಮೆ, ತೆಳುವಾಗಿ ಹರಿಯುತ್ತದೆ. ಮಲ್ಪೆಯದ್ದು ರಯೋಲೈಟ್, ಡೇಸೈಟ್ ವರ್ಗದ್ದು, ಸಿಲಿಕಾ ಹೆಚ್ಚು, ಮಂದ. ತಣ್ಣಗಾಗುವಾಗ ಕುಗ್ಗಿ ಬಿರುಕು ಬಿಟ್ಟು ಆ ಕಂಬಗಳಾದವು.

ಮಲ್ಪೆ ಕಡಲು
ಮೇಷ್ಟ್ರೇ, ಇಷ್ಟನ್ನು ಒಂದು ಫಲಕದಲ್ಲಿ ಬರೆದು ದೋಣಿ ಹತ್ತುವ ಜಾಗದಲ್ಲಿ ಹಾಕಬೇಕು. ಹೋಗುವವರಿಗೆ ಒಂದು ಸೂಚನೆ: ಮಳೆಗಾಲದಲ್ಲಿ ದೋಣಿ ಇಲ್ಲ. ಕಂಬದ ತುದಿಯಲ್ಲಿ ಚಿತ್ರ ತೆಗೆಸಿಕೊಳ್ಳಲು ಹತ್ತಬೇಡಿ, ಪಾಚಿ ಕಟ್ಟಿದ ಕಲ್ಲು ಬಹಳ ಜಾರುತ್ತದೆ.

ಉತ್ತರದ ಚಳಿ
ಜಾರುವ ಮಾತು ಬಂದದ್ದರಿಂದ ಹೇಳುತ್ತೇನೆ. ಐಸ್‌ಲ್ಯಾಂಡಿನ ರೇನಿಸ್‌ಫ್ಯಾರಾ ಕಪ್ಪು ದಡಕ್ಕೆ ಹೋಗುವವರು ದಯವಿಟ್ಟು ನೀರಿಗೆ ಬೆನ್ನು ತಿರುಗಿಸಿ ನಿಲ್ಲಬೇಡಿ. ಅಲೆಗಳು ಸಣ್ಣದಾಗಿ ಬರುತ್ತಿರುತ್ತವೆ, ಇದ್ದಕ್ಕಿದ್ದಂತೆ ಒಂದು ಬಹಳ ದೂರದವರೆಗೆ ಏರಿ ಬಂದು ಕಾಲ ಕೆಳಗಿನ ಮರಳನ್ನೇ ಎಳೆದುಕೊಳ್ಳುತ್ತದೆ. ಅಲ್ಲಿ ಜೀವಗಳು ಹೋಗಿವೆ. ದಾರಿಯಲ್ಲಿ ಎಚ್ಚರಿಕೆಯ ದೀಪಗಳಿವೆ, ಕೆಂಪು ಇದ್ದರೆ ಕೆಳಗೆ ಇಳಿಯಲೇಬೇಡಿ.

ಅಂಡಮಾನ್ ಅಲೆಮಾರಿ
ಭಾರತದಲ್ಲಿ ಇಂದಿಗೂ ಜೀವಂತ ಜ್ವಾಲಾಮುಖಿಯ ಕಪ್ಪು ದಡ ಇರುವುದು ಅಂಡಮಾನಿನ ಬ್ಯಾರನ್ ದ್ವೀಪದಲ್ಲಿ. 19ನೆಯ ಶತಮಾನದಿಂದ ಸುಮ್ಮನಿದ್ದು 1991ರಲ್ಲಿ ಮತ್ತೆ ಎದ್ದಿತು, ಈಗಲೂ ಆಗಾಗ ಹೊಗೆ ಉಗುಳುತ್ತದೆ. ಇಳಿಯಲು ಪ್ರವಾಸಿಗರಿಗೆ ಅವಕಾಶವಿಲ್ಲ, ಹಡಗಿನಿಂದ ನೋಡಬಹುದು ಅಷ್ಟೇ. ಅದು ಹಾಗೆಯೇ ಇರಲಿ ಎಂಬುದು ನನ್ನ ಆಸೆ.

ತುಂಗಾತೀರ
ಎಷ್ಟೊಂದು ವಿಷಯ ತಿಳಿಯಿತು! ಪೊಹೊಯಿಕಿಯನ್ನು ಬಿಟ್ಟೆವು. ಮರಳಿನ ವಿಷಯಕ್ಕೆ ಯಾರೂ ಉತ್ತರಿಸಲಿಲ್ಲ. ಅಮ್ಮ ದಿನವೂ ಕೇಳುತ್ತಿದ್ದಾರೆ.

ನಿಧಾನವೇ ಪ್ರಧಾನ
ಒಂದು ಚಿಟಿಕೆ ತಂದರೆ ಯಾರಿಗೆ ಗೊತ್ತಾಗುತ್ತದೆ?

ಹಿಲೊ ಮಳೆ
ಕಾನೂನಿನ ಪ್ರಕಾರ ತರುವಂತಿಲ್ಲ. ಹವಾಯಿ ರಾಜ್ಯದ ಕಾಯ್ದೆ ದಡದಿಂದ ಮರಳು, ಹವಳ, ಕಲ್ಲು ಒಯ್ಯುವುದನ್ನು ನಿಷೇಧಿಸುತ್ತದೆ. ಮೈಗೆ, ಬಟ್ಟೆಗೆ, ಆಟಿಕೆಗೆ ಗೊತ್ತಿಲ್ಲದೆ ಅಂಟಿಕೊಂಡು ಬಂದದ್ದಕ್ಕೆ ಮಾತ್ರ ವಿನಾಯಿತಿ. ಚೀಲ ತುಂಬುವುದು ಇರಲಿ, ಡಬ್ಬಿ ತುಂಬಿದರೂ ತಪ್ಪೇ. ಮೇಷ್ಟ್ರು ಹೇಳಿದ್ದನ್ನು ನೆನೆಯಿರಿ, ಆ ದಡಕ್ಕೆ ಹೊಸ ಮರಳು ಬರುವುದಿಲ್ಲ. ಬರುವವರೆಲ್ಲ ಒಂದೊಂದು ಹಿಡಿ ಒಯ್ದರೆ ಏನುಳಿಯುತ್ತದೆ?

ಗಾಳಿಪಟ
ಕಲ್ಲು ಒಯ್ದರೆ ಇಲ್ಲಿನ ಜ್ವಾಲಾಮುಖಿಯ ದೇವತೆ ಪೆಲೆಯ ಶಾಪ ತಟ್ಟುತ್ತದೆ ಎಂಬ ಮಾತೂ ಇದೆ. ಮನೆಯಲ್ಲಿ ಒಂದರ ಮೇಲೊಂದು ಕಷ್ಟ ಬಂತೆಂದು ಜನ ಕಲ್ಲುಗಳನ್ನು ಅಂಚೆಯಲ್ಲಿ ವಾಪಸು ಕಳುಹಿಸುತ್ತಾರೆ. ಮೂಢನಂಬಿಕೆ, ಆದರೂ ಈ ವಿಷಯದಲ್ಲಿ ಉಪಕಾರಿ.

ಹಿಲೊ ಮಳೆ
ಮೂಢನಂಬಿಕೆ ಎಂದು ಒಂದೇ ಮಾತಿನಲ್ಲಿ ತಳ್ಳಬೇಡಿ. ಶಾಪದ ಕಥೆ ಕಳೆದ ಶತಮಾನದ್ದು, ಪ್ರವಾಸಿಗರ ಕಾಲದಲ್ಲಿ ಬೆಳೆದದ್ದು. ಪೆಲೆಯ ಮೇಲಿನ ಭಕ್ತಿ ಬಹಳ ಹಳೆಯದು, ಇಂದಿಗೂ ಜೀವಂತ. ಇಲ್ಲಿನವರಿಗೆ ಲಾವಾ ಎಂದರೆ ಅವಳೇ.

ಶರಾವತಿ
ತುಂಗಾತೀರ, ಅಮ್ಮನಿಗೆ ಹೀಗೆ ಹೇಳಿ ನೋಡಿ. ರಾಮೇಶ್ವರದ ಮರಳನ್ನು ನಮ್ಮ ಹಿರಿಯರು ಇಟ್ಟುಕೊಳ್ಳಲು ತರುತ್ತಿರಲಿಲ್ಲ. ಕಾಶಿಯಾತ್ರೆಗೆ ಹೊರಟವರು ಅದನ್ನು ಗಂಗೆಗೆ ಒಪ್ಪಿಸಿ, ಗಂಗೆಯ ನೀರನ್ನು ರಾಮೇಶ್ವರಕ್ಕೆ ತಂದು ಅಭಿಷೇಕ ಮಾಡಿಸಿದರೆ ಯಾತ್ರೆ ಪೂರ್ಣ. ತೆಗೆದುಕೊಂಡದ್ದನ್ನು ಒಪ್ಪಿಸುವ ಜಾಗ ಗೊತ್ತಿತ್ತು. ಹವಾಯಿಯ ಮರಳನ್ನು ಎಲ್ಲಿ ಒಪ್ಪಿಸುತ್ತೀರಿ?

ಕೊಡಗಿನ ಕಾಫಿ
ಶರಾವತಿಯವರೇ, ನನಗೂ ಇದು ಹೊಳೆದಿರಲಿಲ್ಲ.

ಹಸಿರು ಚಪ್ಪರ
ಪುನಲುಉವಿನ ಕಡಲಾಮೆಗಳ ಬಗ್ಗೆ ಯಾರೂ ಬರೆಯಲೇ ಇಲ್ಲವಲ್ಲ! ನಮ್ಮ ಕಡೆ ಆಮೆ ಮೊಟ್ಟೆ ಇಡಲು ರಾತ್ರಿ ದಡಕ್ಕೆ ಬರುವುದು ಗೊತ್ತು. ಹವಾಯಿಯಲ್ಲಿ ಹಸಿರು ಕಡಲಾಮೆಗಳು ಹಗಲಿನಲ್ಲೇ ಬಿಸಿಲು ಕಾಯಿಸಲು ಮೇಲೆ ಬಂದು ಮಲಗುತ್ತವೆ. ಜಗತ್ತಿನಲ್ಲಿ ಕೆಲವೇ ಕಡೆ ಹೀಗೆ ಮಾಡುತ್ತವೆ. ನಾವು ಹೋದಾಗ ಒಂದು ಕುಟುಂಬದವರು ಆಮೆ ಅಲ್ಲಾಡುತ್ತಿಲ್ಲ, ಸತ್ತೇಹೋಗಿದೆ, ನೀರಿಗೆ ತಳ್ಳೋಣ ಎಂದು ಹೊರಟಿದ್ದರು. ಅಲ್ಲಿದ್ದ ಸ್ವಯಂಸೇವಕಿ ಓಡಿಬಂದು ತಡೆದರು. ಹತ್ತು ನಿಮಿಷ ಕಾದು ನೋಡಿದೆವು. ಕಣ್ಣಿನ ಸುತ್ತ ಮರಳು ಅಂಟಿಕೊಂಡ ಆ ದೊಡ್ಡ ಪ್ರಾಣಿ ಒಮ್ಮೆ ತಲೆಯೆತ್ತಿ, ಬಾಯಿ ತೆರೆದು ಉಸಿರೆಳೆದು, ಮತ್ತೆ ಗದ್ದವನ್ನು ಮರಳಿಗೆ ಊರಿತು. ಮೂರು ಮೀಟರಿಗಿಂತ ಹತ್ತಿರ ಹೋಗಬಾರದು. ಮುಟ್ಟುವುದಂತೂ ಬೇಡವೇ ಬೇಡ.

ಕಾಲಿಗೆ ಚಪ್ಪಲಿ ಇರಲಿ. ಮಧ್ಯಾಹ್ನ ಕಪ್ಪು ಮರಳು ಸುಡುತ್ತದೆ.

ಹಿಲೊ ಮಳೆ
ಅಲ್ಲಿ ಇನ್ನೊಂದನ್ನು ಗಮನಿಸಿ. ನೀರಿಗೆ ಕಾಲಿಟ್ಟರೆ ಕೆಲವು ಕಡೆ ತಣ್ಣಗೆ ಕೊರೆಯುತ್ತದೆ. ಬೆಟ್ಟದ ಮೇಲೆ ಸುರಿದ ಮಳೆ ಲಾವಾದೊಳಗೆ ಇಂಗಿ, ಸಮುದ್ರದ ತಳದಲ್ಲಿ ಸಿಹಿನೀರಿನ ಬುಗ್ಗೆಯಾಗಿ ಬರುತ್ತದೆ. ಹಿಂದಿನ ಕಾಲದಲ್ಲಿ ಜನ ಮುಳುಗು ಹಾಕಿ ಆ ಬುಗ್ಗೆಯಿಂದ ಕುಡಿಯುವ ನೀರು ಹಿಡಿಯುತ್ತಿದ್ದರು. ಇದೇ ಕರಾವಳಿಯ ಹಳ್ಳಿಗಳನ್ನು 1868ರ ಏಪ್ರಿಲಿನ ಭೂಕಂಪ ಮತ್ತು ಸುನಾಮಿ ಅಳಿಸಿಹಾಕಿದವು.

ಅಂಡಮಾನ್ ಅಲೆಮಾರಿ
ದಡ ಹುಟ್ಟುವ ಮಾತು ಆಯಿತು, ಸಾಯುವ ಮಾತನ್ನೂ ಯಾರಾದರೂ ಹೇಳಿ. ಕೈಮೂ ಕಥೆ ಏನು?

ಹಿಲೊ ಮಳೆ
ಕೈಮೂ ದ್ವೀಪದ ಅತ್ಯಂತ ಹೆಸರಾಂತ ಕಪ್ಪು ದಡವಾಗಿತ್ತು, ತೆಂಗಿನ ಸಾಲಿನ ಕೆಳಗೆ. 1983ರಲ್ಲಿ ಶುರುವಾದ ಕಿಲಾವೇಯಾ ಜ್ವಾಲಾಮುಖಿಯ ಸ್ಫೋಟದ ಲಾವಾ 1990ರಲ್ಲಿ ಕಲಪನ ಊರನ್ನೂ ಆ ಕೊಲ್ಲಿಯನ್ನೂ ಹೂತುಹಾಕಿತು. ಲಾವಾ ಬರುವ ಮುನ್ನ ಊರಿನವರು ತಮ್ಮ ಚಿತ್ರಗಳ ಚರ್ಚನ್ನು ಇಡಿಯಾಗಿ ಎತ್ತಿ ಸಾಗಿಸಿದರು, ಅದು ಈಗಲೂ ರಸ್ತೆಯ ಪಕ್ಕದಲ್ಲಿದೆ. ಲಾವಾದ ಆಚೆ ತುದಿಯಲ್ಲಿ ಮತ್ತೆ ಕಪ್ಪು ಮರಳು ಸೇರುತ್ತಿದೆ. ದಾರಿಯುದ್ದಕ್ಕೂ ಕಲ್ಲಿನ ಬಿರುಕುಗಳಲ್ಲಿ ಜನ ತೆಂಗಿನ ಸಸಿ ನೆಟ್ಟಿದ್ದಾರೆ.

ಪೊಹೊಯಿಕಿಯದ್ದು ಇದರ ಉಲ್ಟಾ. 2018ರ ಮೇ ತಿಂಗಳಿನಲ್ಲಿ ಬಡಾವಣೆಯ ನಡುವೆಯೇ ನೆಲ ಬಿರಿಯಿತು, ಏಳುನೂರಕ್ಕೂ ಹೆಚ್ಚು ಮನೆಗಳು ಹೋದವು. ಲಾವಾ ದೋಣಿಗಳ ಇಳಿದಾಣದ ಹತ್ತಿರಕ್ಕೇ ಬಂದು ನಿಂತಿತು. ಆದರೆ ಕಪ್ಪು ಮರಳು ಕಡಲಿನ ಸೆಳೆತದಲ್ಲಿ ತೇಲಿಬಂದು ಅದೇ ಇಳಿದಾಣದ ಬಾಯಿಯನ್ನು ಮುಚ್ಚಿತು. ಪ್ರವಾಸಿಗರಿಗೆ ಹೊಸ ದಡ ಸಿಕ್ಕಿತು, ಮೀನುಗಾರರಿಗೆ ದೋಣಿ ಇಳಿಸುವ ಜಾಗ ಹೋಯಿತು. ಅಲ್ಲಿ ಹೋಗಿ ಚಂದ ಚಂದ ಎನ್ನುವವರಿಗೆ ನಾನು ಇದನ್ನು ಹೇಳದೆ ಬಿಡುವುದಿಲ್ಲ.

ಮಲ್ಪೆ ಕಡಲು
ಮೀನುಗಾರರ ಮನೆಯವನಾಗಿ ಇದನ್ನು ಓದಿ ಹೊಟ್ಟೆ ಚುರುಕ್ ಎಂದಿತು.

ಶರಾವತಿ
ಸಸ್ಯಾಹಾರಿಗಳಿಗೆ ಆ ಕಡೆ ಊಟ ಸಿಗುವುದು ಕಷ್ಟ. ನಾಆಲೆಹು ಊರಿನ ಬೇಕರಿಯಲ್ಲಿ ಸಿಹಿ ಬ್ರೆಡ್ಡು ಪ್ರಸಿದ್ಧ, ಮೊಟ್ಟೆ ತಿನ್ನದವರು ಕೇಳಿ ಕೊಳ್ಳಿ. ಚಪಾತಿ, ಪುಳಿಯೋಗರೆ ಕಟ್ಟಿಕೊಂಡು ಹೋಗುವುದೇ ಒಳ್ಳೆಯದು.

ತುಂಗಾತೀರ
ನಮ್ಮ ತೀರ್ಮಾನ ಹೀಗೆ: ಏಳಕ್ಕೆ ಕೋನಾ ಬಿಟ್ಟು ನೇರ ಪುನಲುಉ. ಬಿಸಿಲೇರುವವರೆಗೆ ಅಲ್ಲೇ. ಊಟದ ನಂತರ ದಕ್ಷಿಣ ತುದಿ ಕಾ ಲಾಎ. ಅಲ್ಲಿ ದೋಣಿ ಕಟ್ಟಲು ಬಂಡೆಯಲ್ಲಿ ಕೊರೆದ ಹಳೆಯ ರಂಧ್ರಗಳಿವೆ ಎಂದು ಓದಿ ಅಪ್ಪ ಉತ್ಸಾಹದಲ್ಲಿದ್ದಾರೆ. ಹಸಿರು ದಡ ಈ ಸಲ ಇಲ್ಲ. ಮಗಳು ಸ್ವಲ್ಪ ಅತ್ತಳು, ಭೂತಕನ್ನಡಿ ಕೊಡಿಸಿದ್ದೇನೆ.

ಶರಾವತಿಯವರ ಮಾತನ್ನು ಅಮ್ಮನಿಗೆ ಓದಿ ಹೇಳಿದೆ. ಸುಮಾರು ಹೊತ್ತು ಸುಮ್ಮನಿದ್ದು, "ಸರಿ, ಮರಳು ಬೇಡ. ಆ ತಾಯಿಗೆ ಎಲ್ಲಿ ನಿಂತು ಕೈಮುಗಿಯಬೇಕು ಕೇಳು. ತೆಂಗಿನಕಾಯಿ ಒಡೆಯಬಹುದೇ?" ಎಂದರು.

ಹಿಲೊ ಮಳೆ
ಉದ್ಯಾನಕ್ಕೆ ಹೋಗುವ ದಿನ ಕಿಲಾವೇಯಾದ ಹಲೆಮಾಉಮಾಉ ಕುಳಿಯ ಅಂಚಿನಲ್ಲಿ ನಿಂತು ಕೈಮುಗಿಯಲಿ. ಪೆಲೆ ವಾಸಿಸುವುದು ಅಲ್ಲೇ ಎಂದು ಇಲ್ಲಿನವರ ನಂಬಿಕೆ. ತೆಂಗಿನಕಾಯಿ, ಹೂವು, ಕುಂಕುಮ ಏನನ್ನೂ ಇಡುವುದು ಬೇಡ. ಬರಿಗೈಯ ನಮಸ್ಕಾರ ಸಾಕು. 2024ರ ಡಿಸೆಂಬರ್ 23ರಂದು ಶುರುವಾದ ಸ್ಫೋಟದಲ್ಲಿ ಲಾವಾ ಕಾರಂಜಿ ಬಿಟ್ಟು ಬಿಟ್ಟು ಚಿಮ್ಮಿದೆ, ನಡುನಡುವೆ ದಿನಗಟ್ಟಲೆ ವಿರಾಮ. ಹೊರಡುವ ಬೆಳಿಗ್ಗೆ ಜ್ವಾಲಾಮುಖಿ ವೀಕ್ಷಣಾಲಯದ ಆ ದಿನದ ವರದಿ ನೋಡಿಕೊಳ್ಳಿ. ಹೊಗೆ ಹೆಚ್ಚಿದ್ದರೆ ಹಿರಿಯರನ್ನು ಗಾಳಿ ಹೊಗೆಯನ್ನು ತರುವ ಬದಿಯಲ್ಲಿ ನಿಲ್ಲಿಸಬೇಡಿ, ಗಂಧಕದ ಅನಿಲ ಉಸಿರಾಟಕ್ಕೆ ತೊಂದರೆ ಕೊಡುತ್ತದೆ. ಕಡಲಿನ ದಿನ ಕೋನಾದಲ್ಲೇ ಪೆಟ್ರೋಲ್ ತುಂಬಿಸಿಕೊಳ್ಳಿ.

ಬೆಣ್ಣೆದೋಸೆ
ಕಾ ಲಾಎಯಲ್ಲಿ ಗಾಳಿ ಜೋರು, ಮರಗಳೇ ಒಂದು ಪಕ್ಕಕ್ಕೆ ಬಾಗಿ ಬೆಳೆದಿವೆ. ಮಗುವಿನ ಟೋಪಿಗೆ ದಾರ ಕಟ್ಟಿ. ಬಂಡೆಯಂಚಿನಿಂದ ಹುಡುಗರು ಸಮುದ್ರಕ್ಕೆ ಹಾರುತ್ತಿರುತ್ತಾರೆ, ಮಗಳನ್ನು ಆ ಕಡೆ ಬಿಡಬೇಡಿ, ಸೆಳೆತ ಬಹಳ.